ತಗಡಿನ ಮಂಚಿಗೆ

ರೋಹಿಣಿ ಮಳೆ ಆ ವರ್ಷ ಹೆಸರಿಗಷ್ಟೇ ಬಂದು ಹೋಗಿತ್ತು. ಮಿರಗದ ಮಳೆ ಹುಟ್ಟಲು ಇನ್ನು ನಾಲ್ಕು ದಿನ. ವರದಾ ಹೊಳೆ ಮೊಣಕಾಲುದ್ದ ನೀರಿನಲ್ಲಿ ಸಪ್ಪಗೆ ಬಿದ್ದಿತ್ತು. ಕರಿಹಳ್ಳ ಬಂದು ಅದಕ್ಕೆ ಕೂಡುವಲ್ಲಿ ದನ ತುಳಿದ ಕೆಸರು ಬಿಟ್ಟರೆ ಹರಿಯುವ ನೀರೇ ಇರಲಿಲ್ಲ. ಆ ಕೆಸರಿನಲ್ಲಿ ಧೋತರ ಎತ್ತಿ ಕಟ್ಟಿಕೊಂಡು ಅಂಬಿಗರ ದ್ಯಾಮಪ್ಪ ಬೆಳಗ್ಗಿನಿಂದ ಗೂಟ ಹೊಡೆಯುತ್ತಿದ್ದ. ದಂಡೆಯ ಮೇಲೆ ಅವನ ಹೆಂಡತಿ ಗಿರಿಜವ್ವ ಬಿದಿರು ಸೀಳಿ ತಡಿಕೆ ಹೆಣೆಯುತ್ತಿದ್ದಳು. ಹೆಣೆದು ಮುಗಿದ ನಾಲ್ಕು ಕೂಳಿಗಳು, ಮೀನು ಹಿಡಿಯುವ ಬುಟ್ಟಿಗಳು, ಹುಣಸೆಮರದ ಬುಡದಲ್ಲಿ ಬಾಯಿ ಕೆಳಗಾಗಿ ಕೂತಿದ್ದವು.

ಮಳೆ ಬಿದ್ದು ಹಳ್ಳ ಕೆಂಪಗೆ ಹರಿಯತೊಡಗಿದ ದಿನ ಹೊಳೆಯ ಮೀನು ಮೊಟ್ಟೆಯಿಡಲು ಗದ್ದೆಗಳ ಕಡೆಗೆ ಹತ್ತುತ್ತವೆ. ಹತ್ತುಮೀನಿನ ಹಂಗಾಮು ಹದಿನೈದು ದಿನ, ಬಹಳವೆಂದರೆ ಇಪ್ಪತ್ತು. ಅಷ್ಟರೊಳಗೆ ಹಳ್ಳಕ್ಕೆ ಅಡ್ಡ ಕಟ್ಟು ಹಾಕಿ, ಕೂಳಿ ಇಟ್ಟು, ಹಿಡಿದು ಮಾರಿ, ಉಳಿದದ್ದನ್ನು ಒಲೆಯ ಹೊಗೆಗೆ ಒಣಗಿಸಿಕೊಂಡರೆ ಚೌತಿಯವರೆಗೆ ಎರಡು ಮನೆ ಉಣ್ಣುತ್ತವೆ. ಎರಡು ಮನೆಯೆಂದರೆ ಒಂದು ದ್ಯಾಮಪ್ಪನದು, ಇನ್ನೊಂದು ಅವನ ಚಿಕ್ಕಪ್ಪನ ಮಗ ಹುಚ್ಚನದು. ಹಳ್ಳದ ಬಾಯಿ ಅಜ್ಜನ ಕಾಲದಿಂದ ಈ ಎರಡು ಮನೆಗಳದ್ದೇ. ಒಂದು ದಿನ ಇವರ ಪಾಳಿ, ಒಂದು ದಿನ ಅವರದು.

ಕಟ್ಟಿನ ನಡುವಿನ ತಡಿಕೆಯನ್ನು ಮಾತ್ರ ಬಿಗಿದು ಕಟ್ಟುವುದಿಲ್ಲ. ಅದಕ್ಕೊಂದು ಹಗ್ಗ, ಹಗ್ಗದ ತುದಿ ದಂಡೆಯ ಮೇಲಿನ ಮಂಚಿಗೆಯಲ್ಲಿ ಕೂತವನ ಕೈಯಲ್ಲಿ. ನಾಲ್ಕು ಕಂಬ ನೆಟ್ಟು, ಆಳೆತ್ತರಕ್ಕೆ ಹಲಗೆ ಹಾಸಿ, ಮೇಲೊಂದು ಮಾಡು ಇಳಿಸಿದರೆ ಅದೇ ಮಂಚಿಗೆ. ಮೇಲಿನ ಕಾಡಿನಲ್ಲಿ ಮಳೆ ಸುರಿದು ಹಳ್ಳ ಒಮ್ಮೆಲೇ ಏರಿ ಬಂದರೆ ಹಗ್ಗ ಜಗ್ಗಬೇಕು. ತಡಿಕೆ ಕಳಚಿಕೊಂಡು ನೀರಿಗೂ ನೀರು ಹೊತ್ತು ತರುವ ದಿಮ್ಮಿಗಳಿಗೂ ದಾರಿಯಾಗುತ್ತದೆ. ತಡವಾದರೆ ಇಡೀ ಕಟ್ಟು ಕೂಳಿ ಸಮೇತ ಹೊಳೆಪಾಲು. ಆದರೆ ಆ ನೀರು ಬರುವುದು ಕಣ್ಣಿಗೆ ಕಾಣುವುದಿಲ್ಲ. ಕಟ್ಟಿನಿಂದ ಹತ್ತು ಮಾರಿನ ಮೇಲೆ ಹಳ್ಳ ತಿರುಗುತ್ತದೆ, ತಿರುವಿನ ತುಂಬ ಬಿದಿರುಮೆಳೆ. ಕಿವಿಯಿಂದಲೇ ತಿಳಿಯಬೇಕು. ಗಲಗಲ ಎನ್ನುತ್ತಿದ್ದ ಹಳ್ಳ ಗಂಟಲು ಕಟ್ಟಿದವರಂತೆ ಒಮ್ಮೆ ದನಿ ಇಳಿಸುತ್ತದೆ. ಆಮೇಲೆ ದೂರದಲ್ಲಿ ಕಲ್ಲು ಉರುಳುವ ಸದ್ದು. ಆ ಎರಡರ ನಡುವೆ ಒಂದು ಎಲೆ ಮಡಿಸಿ ಬಾಯಿಗೆ ಹಾಕಿಕೊಳ್ಳುವಷ್ಟು ಹೊತ್ತು ಸಿಗುತ್ತದೆ. ಇಪ್ಪತ್ತೆಂಟು ವರ್ಷ ಹಗ್ಗ ಹಿಡಿದ ದ್ಯಾಮಪ್ಪ ಆ ಹೊತ್ತನ್ನು ಒಮ್ಮೆಯೂ ತಪ್ಪಿಸಿರಲಿಲ್ಲ. ಬನವಾಸಿಯ ಸಂತೆಯಲ್ಲಿ ಅವನ ಗುರುತು ಹೇಳುವವರು 'ಕಿವಿ ದ್ಯಾಮಪ್ಪ' ಎನ್ನುತ್ತಿದ್ದರು.

ಹೋದ ವರ್ಷ ಹಂಗಾಮು ಶುರುವಾಗುತ್ತಲೇ ಅವನಿಗೆ ಚಳಿಜ್ವರ ಬಂತು. ಟಪಾಲು ಕಚೇರಿಯಲ್ಲಿ ಮಾರುತ್ತಿದ್ದ ಚಳಿಜ್ವರದ ಗುಳಿಗೆ ಕ್ವಿನೈನು ನುಂಗಿ ನುಂಗಿ ಜ್ವರ ಬಿಟ್ಟಿತು, ಕಿವಿಯೊಳಗೆ ಜೀರುಂಡೆ ಕೂತಂಥ ಒಂದು ಸದ್ದು ಉಳಿದುಕೊಂಡಿತು. ಆಗ ಅವನ ಪಾಳಿಯ ಎಂಟು ದಿನವೂ ಹುಚ್ಚನೇ ಮಂಚಿಗೆಯಲ್ಲಿ ನೆನೆಯುತ್ತ ಕೂತಿದ್ದ. ದ್ಯಾಮಪ್ಪನ ಮೇಲೆ ಎಂಟು ಮುಯ್ಯಾಳಿನ ಬಾಕಿ. ಆಳಿಗೆ ಆಳೇ ತೀರಿಸುವುದು ಕೇರಿಯ ಪದ್ಧತಿ. ಮುಯ್ಯಿಗೆ ಯಾರೂ ದುಡ್ಡು ಕೊಡುವುದಿಲ್ಲ, ಕೊಟ್ಟರೂ ಮುಟ್ಟುವುದಿಲ್ಲ.

ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ದಂಡೆಯ ಮೇಲೆ ಗಾಡಿಯ ಸದ್ದಾಯಿತು. ಶಿರಸಿಯ ಗನಿ ಸಾಬರ ಗಾಡಿ. ಹಂಗಾಮಿನಲ್ಲಿ ಮೀನು ಒಯ್ಯುವವರು ಅವರೇ. ಈಗ ಮೀನಿಲ್ಲದ ಹೊತ್ತಿನಲ್ಲಿ ಬಂದಿದ್ದರು, ಗಾಡಿಯ ಹಿಂದೆ ಹುಚ್ಚ ಕಾಲು ಇಳಿಬಿಟ್ಟು ಕೂತಿದ್ದ. ಗಾಡಿಯ ತುಂಬ ತಗಡು.

"ಅಣ್ಣಾ, ನೋಡಿಲ್ಲೆ! ಎಂಟು ತಗಡ!" ಹುಚ್ಚ ಅಲ್ಲಿಂದಲೇ ಕೂಗಿದ. "ಸಾಬರ ಹಳೀ ಗಾಡಿ ಚಪ್ಪರದ್ದು. ಒಂದು ತೂತಿಲ್ಲ."

ದ್ಯಾಮಪ್ಪ ಕೊಡತಿ ಕೆಳಗಿಟ್ಟ. "ಏನ ಮಾಡ್ತಿ ಅವನ್ನ?"

"ಮಂಚಿಗಿಗೆ ಹೊದಸ್ತೇನಿ."

"ಮಂಚಿಗಿಗೆ ಕರಡ ಹೊದಸ್ತಾರ."

"ಕರಡ ಹೊದಿಸೇ ನೀ ಹೋದ ವರ್ಷ ಚಳಿಜ್ವರ ಬಂದು ನಡಗಿದ್ದು. ಎಂಟು ದಿನ ನಾ ಕುಂತೆ, ಬೆನ್ನಮ್ಯಾಲೆ ಅಂಗೈಯಗಲ ಒಣ ಜಾಗಾ ಇರಲಿಲ್ಲ. ಈ ವರ್ಷ ನಾ ನೆನೆಯಾಂವಲ್ಲ."

ಅದರಲ್ಲಿ ಸುಳ್ಳಿರಲಿಲ್ಲ. ಕರಡ ಹುಲ್ಲಿನ ಮಾಡು ಎರಡು ದಿನ ಬಿಡದೆ ಮಳೆ ಹೊಡೆದರೆ ಸೋರುತ್ತಿತ್ತು. ಆದರೂ ದ್ಯಾಮಪ್ಪನಿಗೆ ಸಿಟ್ಟು ಪಾದದಿಂದ ಏರಿತು. ತನ್ನನ್ನು ಕೇಳದೆ ತಂದನಲ್ಲ!

"ತಗಡಿನ ಮ್ಯಾಲೆ ಮಳಿ ಬಿದ್ರ ಹಳ್ಳದ ದನಿ ಹೆಂಗ ಕೇಳ್ತೈತೋ?"

ಹುಚ್ಚ ನಕ್ಕ. "ನನಗೇನೋ ಕೇಳ್ತೈತಪಾ. ನಿನಗ ಕರಡದಾಗರೆ ಕೇಳ್ತೈತೇನು? ಮೊನ್ನೆ ನಾಗಿ ಹಿಂದಿಂದ ಮೂರು ಸಲ ಭಾವಾ ಭಾವಾ ಅಂದ್ಲಂತ. ನೀ ಹೊಳ್ಳಿ ಸೈತ ನೋಡಲಿಲ್ಲಂತ."

ಗಿರಿಜವ್ವನ ಕೈಯಲ್ಲಿದ್ದ ಬಿದಿರ ಸೀಳು ನಿಂತಿತು. ಹುಚ್ಚನ ಹೆಂಡತಿ ನಾಗಿ ಕರೆದದ್ದು ದ್ಯಾಮಪ್ಪನಿಗೆ ಗೊತ್ತೇ ಇರಲಿಲ್ಲ. ಗಾಳಿ ಎದುರಿತ್ತೋ, ಯೋಚನೆಯಲ್ಲಿದ್ದನೋ, ಇಲ್ಲ ನಿಜಕ್ಕೂ...

"ಅಣ್ಣಾತಮ್ಮಾ ಆಮ್ಯಾಲೆ ಹೊಡೆದಾಡಕೊಳ್ರಿ," ಗನಿ ಸಾಬರು ಗಾಡಿಯಿಂದಿಳಿದರು. "ಮೊದ್ಲ ಇವನ್ನ ಇಳಸ್ರಿ. ನನ್ನ ಎತ್ತು ನಿಮ್ಮ ಜಗಳಾ ಕೇಳಿ ಕೇಳಿ ಮುದುಕ ಆದ್ವು."

"ಎಂಟಾಳು ಬಾಕಿ ಐತಿ ನಿಂದು," ಹುಚ್ಚ ದ್ಯಾಮಪ್ಪನ ಮುಖ ನೋಡದೆ ಹೇಳಿದ. "ಒಂದಾಳು ಈ ಮಂಚಿಗಿ ಕಟ್ಟಾಕ. ಒಂದಾಳು ಮೊದಲ ಮಳಿಗೆ ಕೂಡಾಕ. ಬರ್ತಿಯೋ, ನಾಕು ಮಂದಿ ಮುಂದ ಕೇಳಲೋ?"

ಹೊಸ ಮಂಚಿಗೆ ಕಟ್ಟಿದರೆ ಮೊದಲ ಜೋರು ಮಳೆಗೆ ಎರಡೂ ಮನೆಯ ಗಂಡಸರು ಅದರಲ್ಲಿ ಒಟ್ಟಿಗೆ ಕೂಡಬೇಕು. ಗಾಳಿಗೆ ನಿಲ್ಲುತ್ತದೋ, ಹಗ್ಗ ಸಲೀಸಾಗಿ ಬರುತ್ತದೋ ನೋಡಿ ಇಬ್ಬರೂ ಹೂಂ ಎಂದ ಮೇಲೆ ಪಾಳಿ ಶುರು. ಉಹೂಂ ಎನ್ನುವವನು ಕೂತು ನೋಡಿಯೇ ಅನ್ನಬೇಕು. ಕೂಡದೆ ಅಂದರೆ ಅವನ ಮಾತಿಗೆ ಬೆಲೆಯಿಲ್ಲ.

"ಬರ್ತೇನಿ," ಎಂದ ದ್ಯಾಮಪ್ಪ. "ಕುಂತೇ ಹೇಳ್ತೇನಿ."

ಮರುದಿನ ಅವನು ತಾನೇ ಕಂಬದ ಗುಂಡಿ ತೋಡಿದ, ತಾನೇ ಅಡ್ಡ ಗಳಗಳನ್ನು ಬಿಗಿದ. ಒಂದು ಕಟ್ಟೂ ಸಡಿಲ ಬಿಡಲಿಲ್ಲ. ಬೇಕಂತಲೇ ಕೆಡಿಸಿದ ಎನ್ನುವ ಮಾತು ನಾಳೆ ಹುಟ್ಟಬಾರದು ಎಂಬ ಹಟ ಅವನಿಗೆ.

ಮಿರಗ ಹುಟ್ಟಿ ಮೂರನೆಯ ದಿನ ಹಳ್ಳಕ್ಕೆ ಕೆಂಪು ನೀರು ಬಂತು. ಐದನೆಯ ದಿನ ಮಧ್ಯಾಹ್ನ ಉಂಡು ಕೈ ತೊಳೆಯುವಷ್ಟರಲ್ಲಿ ಪಶ್ಚಿಮದ ಕಡೆಯ ಕಾಡು ಕಾಣದಂತಾಯಿತು. ಗಾಳಿ ಮೊದಲು ಬಂತು. ಹುಣಸೆಮರದ ಒಂದು ಕೊಂಬೆ ಮುರಿದು ಹೊಳೆಗೆ ಬಿತ್ತು. ಇಬ್ಬರೂ ಕಂಬಳಿ ಕೊಪ್ಪೆ ಹಾಕಿಕೊಂಡು ಮಂಚಿಗೆ ಹತ್ತುವಾಗ ಮೊದಲ ಹನಿಗಳು ತಗಡಿನ ಮೇಲೆ ಕಲ್ಲೆಸೆದಂತೆ ಬಿದ್ದವು. ಆಮೇಲೆ ಹನಿ ಎಣಿಸುವಂತಿರಲಿಲ್ಲ. ನೂರು ಮಂದಿ ನೂರು ಹಂಡೆ ಬಾರಿಸುತ್ತ ತಲೆಯ ಮೇಲೆ ಕೂತಂತಾಯಿತು.

ಹುಚ್ಚನ ಮುಖ ಅರಳಿತು. ಕೊಪ್ಪೆ ತೆಗೆದು ಮೂಲೆಗಿಟ್ಟ. ಹಲಗೆಯ ಮೇಲೆ ಅಂಗೈ ಒರೆಸಿ, ಒಣಗಿದ ಅಂಗೈಯನ್ನು ದ್ಯಾಮಪ್ಪನ ಮೂಗಿಗೆ ಹಿಡಿದು ತೋರಿಸಿದ. ಬೀಡಿ ತೆಗೆದು ಒಂದೇ ಕಡ್ಡಿಯಲ್ಲಿ ಹಚ್ಚಿದ. ಮಂಚಿಗೆಯಲ್ಲಿ ಮಳೆಯ ಹೊತ್ತಿನಲ್ಲಿ ಬೀಡಿ ಹಚ್ಚಿದವರು ಆ ಎರಡು ಮನೆಗಳಲ್ಲಿ ಅಲ್ಲಿಯವರೆಗೆ ಯಾರೂ ಇರಲಿಲ್ಲ.

ದ್ಯಾಮಪ್ಪ ಹಗ್ಗದ ತುದಿಯನ್ನು ಬಲಗೈಗೆ ಸುತ್ತಿಕೊಂಡು ಕೂತಿದ್ದ. ಹಳ್ಳ ಕೇಳುತ್ತಿರಲಿಲ್ಲ. ಕೂಳಿಯಲ್ಲಿ ಮೀನು ಬಿದ್ದರೆ ಆಗುವ ಪಟಪಟ ಕೇಳುತ್ತಿರಲಿಲ್ಲ. ಕಿವಿಯೊಳಗಿನ ಜೀರುಂಡೆಯೂ ಕೇಳುತ್ತಿರಲಿಲ್ಲ. ತಗಡಿನಿಂದಲೋ, ಕ್ವಿನೈನಿನಿಂದಲೋ? ಹುಚ್ಚನ ಕಿವಿಯ ಹತ್ತಿರ ಬಾಯಿಟ್ಟು ಕೂಗಿದ.

"ಹಳ್ಳ ಕೇಳ್ತೈತೇನು?"

ಹುಚ್ಚ ಹೊಗೆ ಬಿಟ್ಟು ತಲೆಯಾಡಿಸಿದ. "ಕೇಳ್ತೈತಿ! ಚೊಲೋ ಕೇಳ್ತೈತಿ!"

"ಖರೇ?"

"ಖರೇ ಅಂದ್ರ! ನಿನಗ ಕೇಳ್ತಿಲ್ಲೇನು?"

ಹಾಗಾದರೆ ಕೆಟ್ಟದ್ದು ತನ್ನ ಕಿವಿಯೇ, ಅಂದುಕೊಂಡ ದ್ಯಾಮಪ್ಪ. ಮಂಚಿಗೆಯ ಅಂಚಿಗೆ ಸರಿದು ತಲೆ ಹೊರಗೆ ಹಾಕಿ ಕೇಳಲು ನೋಡಿದ. ತಗಡಿನ ಅಂಚಿನಿಂದ ಧೋ ಎಂದು ಸುರಿಯುತ್ತಿದ್ದ ನೀರು ಕತ್ತಿನ ಮೇಲೆ ಬಿತ್ತು, ಕಿವಿಯ ತುಂಬ ಅದೇ ಸದ್ದು. ಹುಚ್ಚ ರಟ್ಟೆ ಹಿಡಿದು ಒಳಗೆಳೆದ. ಒಣ ಜಾಗ ಬಿಟ್ಟು ನೆನೆಯಲು ಹೋಗುತ್ತೀಯಲ್ಲ ಎನ್ನುವಂತೆ ನಗುತ್ತಿದ್ದ.

ದ್ಯಾಮಪ್ಪ ಕೈಗೆ ಸುತ್ತಿದ್ದ ಹಗ್ಗ ಬಿಚ್ಚಿದ. ಹುಚ್ಚನ ಮಡಿಲಿಗೆ ಹಾಕಿದ.

"ಹಂಗಾರ ನೀನ ಹಿಡಿ."

ಹುಚ್ಚ ಏನೋ ಅಂದ. ಕೇಳಿಸಲಿಲ್ಲ. ಹಗ್ಗವನ್ನು ಮೊಣಕಾಲಿಗೆ ಸುತ್ತಿಕೊಂಡು ಬೀಡಿ ಎಳೆದ.

ಎಷ್ಟು ಹೊತ್ತು ಹಾಗೆ ಕೂತರೋ. ದ್ಯಾಮಪ್ಪ ದಂಡೆಯ ದಾರಿಯ ಕಡೆಗೆ ಸುಮ್ಮನೆ ನೋಡುತ್ತಿದ್ದವನು ನಾಗಿಯನ್ನು ಕಂಡ. ಹುಚ್ಚನ ಹೆಂಡತಿ ಅಂಬಲಿಯ ಗಡಿಗೆ ತರುತ್ತಿದ್ದಾಳೆ ಅಂದುಕೊಂಡ. ಕೈಯಲ್ಲಿ ಗಡಿಗೆಯಿರಲಿಲ್ಲ. ಓಡುತ್ತಿದ್ದಳು. ಭಾವನ ಎದುರು ಸೆರಗು ಹಣೆಯಿಂದ ಸರಿಸದಿದ್ದವಳ ತಲೆಯ ಮೇಲೆ ಸೆರಗೇ ಇರಲಿಲ್ಲ. ಬಾಯಿ ಅಗಲಕ್ಕೆ ತೆರೆದಿತ್ತು, ಮುಚ್ಚುತ್ತಿತ್ತು, ಮತ್ತೆ ತೆರೆಯುತ್ತಿತ್ತು. ದನಿ ಇರಲಿಲ್ಲ. ಅವಳ ಕೈ ತಿರುವಿನ ಕಡೆಗೆ ಚಾಚಿತ್ತು.

ದ್ಯಾಮಪ್ಪ ಹುಚ್ಚನ ಮೈಮೇಲೆ ಬಿದ್ದು ಹಗ್ಗಕ್ಕೆ ಕೈ ಹಾಕಿದ. ಇಬ್ಬರೂ ಕೂಡಿ ಜಗ್ಗಿದರು. ಆಗಲೇ ಬಿದಿರುಮೆಳೆಯ ಬುಡದಿಂದ ಕೆಂಪು ನೀರು ಗೋಡೆಯಂತೆ ಹೊರಳಿ ಬಂದಿತ್ತು. ಮುಂದೆ ಬಂದ ದಿಮ್ಮಿಯೊಂದು ನಡುವಿನ ತಡಿಕೆಗೇ ಒತ್ತಿ ನಿಂತು ಅದು ಜಪ್ಪಯ್ಯ ಎಂದರೂ ಕಳಚಲಿಲ್ಲ. ಹಗ್ಗ ಅಂಗೈ ಸುಟ್ಟುಕೊಂಡು ಹೋಯಿತು. ಇಡೀ ಕಟ್ಟು ಒಮ್ಮೆ ಮೇಲಕ್ಕೆದ್ದು, ಮಡಿಸಿದ ಚಾಪೆಯಂತಾಗಿ, ಹೊಳೆಗೆ ಹೋಯಿತು. ನಾಲ್ಕು ಕೂಳಿಗಳಲ್ಲಿ ಒಂದು ಮಾತ್ರ ಒಂದಿಷ್ಟು ದೂರ ತೇಲುತ್ತ ಕಂಡಿತು. ಅದರೊಳಗೆ ಬಿಳಿಯ ಹೊಟ್ಟೆಗಳು ಮಿಂಚುತ್ತಿದ್ದವು.

ಮಂಚಿಗೆ ಅಲ್ಲಾಡಿತು, ನಿಂತಿತು. ಒಳಗೆ ಒಂದು ಹನಿ ಬಿದ್ದಿರಲಿಲ್ಲ.

ಕೆಳಗಿಳಿದಾಗ ನಾಗಿ ಕೆಸರಿನಲ್ಲಿ ಕೂತು ಎದೆ ಹಿಡಿದುಕೊಂಡು ಏದುಸಿರು ಬಿಡುತ್ತಿದ್ದಳು. ತಿರುವಿನ ದಾರಿಯಲ್ಲಿ ಬರುವಾಗಲೇ ಅವಳಿಗೆ ಹಳ್ಳ ದನಿ ಇಳಿಸಿದ್ದು ಕೇಳಿತ್ತು. ಗಡಿಗೆ ಎಸೆದು ಓಡಿದ್ದಳು. ಮೊದಲು ಭಾವಾ ಎಂದು ಕೂಗಿದಳು. ಆಮೇಲೆ ಹದಿನೆಂಟು ವರ್ಷ ಬಾಯಿಗೆ ತರದ ಗಂಡನ ಹೆಸರನ್ನು ಹಿಡಿದು ಗಂಟಲು ಹರಿಯುವಂತೆ ಕೂಗಿದಳು. ಈಗ ಅದನ್ನು ಹೇಳುತ್ತ ನಾಚಿಕೆಗೋ ಸಿಟ್ಟಿಗೋ ಅಳತೊಡಗಿದಳು.

"ಹೆಸರ ಹಿಡದು ಕರದೆ. ಐದಾರು ಸಲ ಕರದೆ. ಕಲ್ಲಿನ ಕಂಬಕ್ಕರೆ ಕೇಳತಿತ್ತು."

ದ್ಯಾಮಪ್ಪ ಹುಚ್ಚನ ಕಡೆಗೆ ತಿರುಗಿದ. "ಕೇಳ್ತೈತಿ ಅಂದ್ಯಲ್ಲೋ! ಖರೇ ಅಂದ್ಯಲ್ಲೋ!"

ಹುಚ್ಚನ ಕಣ್ಣು ಹೊಳೆಯ ಮೇಲಿತ್ತು. "ಮಂಚಿಗಿ ಜಗ್ಗಲಿಲ್ಲ ನೋಡು," ಎಂದ. "ಹುಲ್ಲಿಂದಾಗಿದ್ರ ಹಾರಿ ಹೋಗತಿತ್ತು."

"ನಾ ಕೇಳಿದ್ದೇನು, ನೀ ಹೇಳೂದೇನು?"

"ಹಳ್ಳದ ಕಡಿ ಕುಂತಾಂವ ನೀನು. ಇಪ್ಪತ್ತೆಂಟು ವರ್ಷದ ಕಿವಿ ನಿಂದು. ನಾ ನಿನ್ನ ನಂಬಿ ಕುಂತಿದ್ದೆ."

ದ್ಯಾಮಪ್ಪನ ಕೈ ಮುಷ್ಟಿಯಾಯಿತು. ಸುಟ್ಟ ಅಂಗೈ ಉರಿದು ಬಿಚ್ಚಿಕೊಂಡಿತು. ಹೊಡೆಯಲಿಲ್ಲ. ಹೊಡೆಯದೆ ಮನೆಗೆ ಬಂದದ್ದಕ್ಕೆ ಆಮೇಲೆ ಎಷ್ಟೋ ದಿನ ತನ್ನನ್ನು ತಾನು ಬೈದುಕೊಂಡ.

ಯಾಕೆಂದರೆ ಮೂರು ದಿನ ಕಳೆಯುವಷ್ಟರಲ್ಲಿ ಮಾತು ಬನವಾಸಿ ಮುಟ್ಟಿತು. ಸಂತೆಗೆ ಹೋಗಿದ್ದ ಗಿರಿಜವ್ವ ಉಪ್ಪಿನ ಗಂಟು ನೆಲಕ್ಕೆ ಕುಕ್ಕಿ ಹೇಳಿದಳು.

"ಕಿವುಡ ದ್ಯಾಮಪ್ಪ ಅಂದ್ರು. ನಿನ್ನ ಗಂಡ ಕಟ್ಟು ಹೊಳಿಗೆ ಹಾಕ್ಯಾನಂತ ಹೌದೇನವಾ ಅಂತ ಎಣ್ಣಿ ಅಂಗಡ್ಯಾಗ ಕೇಳಿದ್ರು. ನಿಮ್ಮ ತಮ್ಮ ಹೇಳ್ಯಾನಂತ. ಕ್ವಿನೈನಿಗೆ ಕಿವಿ ಹೋಗ್ಯಾವ, ಪಾಪ, ಅಣ್ಣ ಅಂತ ನಾ ಸುಮ್ಮನಿದ್ದೆ ಅಂದನಂತ. ಪಾಪ ಅಂದನಂತರೀ!"

"ಮತ್ತೇನಂದ?"

"ಮುಂದಿನ ವರ್ಷ ನಿಮ್ಮ ಕೈಗೆ ಹಗ್ಗ ಕೊಡಂಗಿಲ್ಲಂತ. ಸಿದ್ದಾಪುರದ ಕಡಿಯಿಂದ ನಾಗಿ ತಮ್ಮ ಚೌಡನ್ನ ಕರಸ್ತಾನಂತ. ನಿಮ್ಮ ಪಾಳಿ ಅವನು ಕೂಡತಾನಂತ, ಮೀನಿನಾಗ ಅರ್ಧ ಪಾಲು ಅವಗಂತ."

ದ್ಯಾಮಪ್ಪ ಗೋಡೆಗೊರಗಿ ಕೂತ. ಪಾಳಿ ಹೋದರೆ ಹಳ್ಳದ ಬಾಯಿ ಹೋದಂತೆಯೇ. ಇಂದು ಅರ್ಧ ಪಾಲು, ನಾಳೆ ಮುಷ್ಟಿ ಮೀನು, ನಾಡಿದ್ದು ಅದೂ ಇಲ್ಲ. ಐವತ್ತು ದಾಟಿದ ಕಿವುಡನನ್ನು ದೋಣಿಗಾದರೂ ಯಾರು ಕರೆಯುತ್ತಾರೆ? ಆಚೆ ದಂಡೆಯವರು ಕೂಗಿದ್ದು ಕೇಳದವನು ಎಂಥ ಅಂಬಿಗ?

ಆ ದಿನದಿಂದ ಅವನಿಗೊಂದು ಹುಚ್ಚು ಹಿಡಿಯಿತು. ಗಿರಿಜವ್ವನನ್ನು ಹಿಂದೆ ನಿಲ್ಲಿಸಿ ಮೊರದಲ್ಲಿ ಅಕ್ಕಿ ಚೆಲ್ಲಿಸುವನು. "ಈಗ ಚೆಲ್ಲಿದಿ. ಈಗ ಚೆಲ್ಲಲಿಲ್ಲ," ಎನ್ನುವನು. ಹೆಚ್ಚಿನ ಸಲ ಸರಿಯಾಗುತ್ತಿತ್ತು. ಒಮ್ಮೊಮ್ಮೆ ತಪ್ಪುತ್ತಿತ್ತು. ತಪ್ಪಿದಾಗ ಮೊರ ಕಿತ್ತು ಎಸೆಯುವನು. ಅಕ್ಕಿ ಆರಿಸುತ್ತ ಗಿರಿಜವ್ವ, "ಕಿವಿ ನೋಡಾಕ ಹೋಗಿ ನಾಳಿನ ಅನ್ನಾ ಕೋಳಿಗೆ ಹಾಕಿದ್ರಿ," ಎಂದಳು. ಅವನು ನಗಲಿಲ್ಲ.

ಅಷ್ಟರ ನಡುವೆ ಕಟ್ಟು ಮತ್ತೆ ಕಟ್ಟಬೇಕಿತ್ತು. ಹಂಗಾಮು ಇನ್ನೂ ಎಂಟು ಹತ್ತು ದಿನ ಉಳಿದಿತ್ತು. ದ್ಯಾಮಪ್ಪ ಐದು ದಿನ ಹುಚ್ಚನ ಜೊತೆ ನೀರಿನಲ್ಲಿ ನಿಂತು ಗೂಟ ಹೊಡೆದ. ಗೂಟ ಹಿಡಿ, ಕೊಡತಿ ಕೊಡು, ಇಷ್ಟು ಬಿಟ್ಟು ಮಾತಿಲ್ಲ. ಹಳ್ಳ ಕೇಳದ್ದು ತಗಡಿನಿಂದಲೋ ತನ್ನ ಕಿವಿಯಿಂದಲೋ ಎಂದು ತನಗೇ ತಿಳಿಯದೆ ಮಂಚಿಗೆಗೆ ಉಹೂಂ ಎನ್ನಲೂ ಆಗಲಿಲ್ಲ, ತಗಡು ಹಾಗೇ ಉಳಿಯಿತು. ಹುಚ್ಚ ಎರಡು ಸಲ ಏನೋ ಅನ್ನಲು ಬಾಯಿ ತೆರೆದ. ಎರಡು ಸಲವೂ ದ್ಯಾಮಪ್ಪ ಕೊಡತಿ ಎತ್ತಿ ಹೊಡೆದ ಸದ್ದಿನಲ್ಲಿ ಅದು ಮುಚ್ಚಿಹೋಯಿತು. ಮಂಚಿಗೆ ಕಟ್ಟಿದ್ದು ಒಂದು, ಕೂತದ್ದು ಒಂದು, ಹುಚ್ಚನ ಪಾಲಿನ ಕಟ್ಟಿಗೆ ನಿಂತ ಈ ಐದು. ಏಳಾಳು ತೀರಿತು.

ಹೊಸ ಕಟ್ಟಿಗೆ ಕೂಳಿ ಇಟ್ಟ ಮರುದಿನ ಹುಚ್ಚನ ಪಾಳಿ. ಎಂಟನೆಯ ಆಳಾಗಿ ದ್ಯಾಮಪ್ಪ ಬೆಳಗ್ಗೆಯೇ ಬಂದಿದ್ದ. ಹೊತ್ತು ಹುಟ್ಟಿ ಮೂರು ತಾಸಾದಾಗ ಗನಿ ಸಾಬರು ಮೀನಿಗೆ ಗಾಡಿ ಹೊಡೆದುಕೊಂಡು ಬಂದರು. ಅವರು ಎತ್ತು ಬಿಚ್ಚುವಷ್ಟರಲ್ಲಿ ಮಳೆ ಕವಿದು ಬಂತು. ಹುಚ್ಚ ಮಂಚಿಗೆ ಹತ್ತಿ ಹಗ್ಗ ಹಿಡಿದ. ಸಾಬರು ಛತ್ರಿ ಬಿಚ್ಚಿಕೊಂಡು ಹುಣಸೆಮರದ ಕೆಳಗೆ ನಿಂತರು. ನಾಗಿ ಕೊಪ್ಪೆಯೊಳಗೆ ಮುದುಡಿ ಅವರಿಂದ ದೂರ ನಿಂತಳು. ದ್ಯಾಮಪ್ಪ ಗಾಡಿಯ ಮರೆಯಲ್ಲಿ ನಿಂತ.

ಅಲ್ಲಿ ನಿಂತಾಗ ಅವನಿಗೆ ಹಳ್ಳ ಕೇಳಿತು.

ಮಳೆ ಎಲೆಯ ಮೇಲೆ ಬೀಳುತ್ತಿತ್ತು, ನೆಲಕ್ಕೆ ಬೀಳುತ್ತಿತ್ತು, ಅದರ ಕೆಳಗೆ ಹಳ್ಳ ಗಲಗಲ ಎನ್ನುತ್ತಿತ್ತು. ಎರಡನೆಯ ಕೂಳಿಯಲ್ಲಿ ದೊಡ್ಡದೊಂದು ಮೀನು ಬಾಲ ಬಡಿಯಿತು, ಮುರುಗೋಡು ಇರಬೇಕು. ಸಾಬರ ಎತ್ತಿನ ಕೊರಳಗೆಜ್ಜೆಯ ಒಂದು ಗೆಜ್ಜೆ ಒಡೆದಿತ್ತು, ಅದರ ದನಿ ಬೇರೆ. ಜೀರುಂಡೆಯೂ ಇತ್ತು, ಇದ್ದರೂ ಇವುಗಳನ್ನೇನೂ ಮುಚ್ಚಿರಲಿಲ್ಲ. ದ್ಯಾಮಪ್ಪ ಒಂದೊಂದನ್ನೇ ಕೇಳುತ್ತ ನಿಂತ. ಹನ್ನೆರಡು ದಿನದಿಂದ ತಾನು ಹೊತ್ತು ತಿರುಗಿದ್ದು ಯಾರ ಸುಳ್ಳು ಎಂದು ಈಗ ತಿಳಿಯಿತು.

ಮಳೆಯಲ್ಲಿ ನಡೆದು ಹೋಗಿ ಮಂಚಿಗೆಯ ಹಿಂದಿನ ಏಣಿಯ ಮೂರು ಮೆಟ್ಟಿಲು ಹತ್ತಿದ. ಹುಚ್ಚನ ಬೆನ್ನು ಎರಡು ಕೈಯಷ್ಟು ದೂರದಲ್ಲಿತ್ತು.

"ಹುಚ್ಚಾ," ಎಂದ.

ಹುಚ್ಚ ಬೀಡಿಯ ಬೂದಿ ಕೊಡವಿದ.

"ಲೇ ಹುಚ್ಚಾ!"

ಹುಚ್ಚ ಬೆನ್ನು ತುರಿಸಿಕೊಂಡ.

"ಲೇ, ನಿನ್ನ ತಗಡಿಗೆ ಬೆಂಕಿ ಬೀಳಲಿ!" ದ್ಯಾಮಪ್ಪನ ದನಿ ಈಗ ಪೂರಾ ಬಿಚ್ಚಿತು. ಆಚೆ ದಂಡೆಯಿಂದ ದೋಣಿ ಕರೆಯುವ ದನಿ ಅದು. "ಕೇಳ್ತೈತಿ ಅಂದಿ! ಚೊಲೋ ಕೇಳ್ತೈತಿ ಅಂದಿ! ಎಲ್ಲೆ ಕೇಳ್ತೈತೋ? ನಾ ಕಿವುಡ ಅಂತ ಸಂತ್ಯಾಗ ಡಂಗುರ ಹೊಡದ್ಯಲ್ಲ, ಹೊಳ್ಳೋ ಈಗ! ನನ್ನ ಕಿವಿ ಹೋದ್ವು ಅಂತ ತಿಳದು ಹೆಂಡ್ತಿ ಮುಂದ ಮೊರದಾಗ ಅಕ್ಕಿ ಚೆಲ್ಲಿಸಿಕೊಂಡೆ ನಾನು! ಪಾಪ ಅಂದಿ ನನಗ! ಜ್ವರ ಬಂದಾಗ ಎಂಟು ದಿನ ಕುಂತಿ, ಹೌದು, ಕುಂತಿ. ಅದಕ್ಕ ನಿನ್ನ ಕಾಲಿಗೆ ಬೀಳ್ತಿದ್ದೆ. ಆ ಎಂಟು ದಿನ ಇಟಗೊಂಡು ನನ್ನ ಕುತಗಿ ಕೊಯ್ತಿಯೇನು?"

ಹುಣಸೆಮರದ ಕೆಳಗೆ ಸಾಬರು ಛತ್ರಿ ಹಿಂದಕ್ಕೆ ವಾಲಿಸಿ ನೋಡಿದರು. ನಾಗಿ ಎರಡು ಹೆಜ್ಜೆ ಮುಂದೆ 
ಬಂದಳು. ಹುಚ್ಚ ಹೊಳೆಯ ಕಡೆ ಉಗುಳಿ, ಹಗ್ಗವನ್ನು ಎಡಗೈಯಿಂದ ಬಲಗೈಗೆ ಬದಲಿಸಿಕೊಂಡ.

"ಇದೇನು ಹೊಸದಲ್ಲ ನಿಂದು! ನಿನ್ನ ಮದುವಿ ದಿಬ್ಬಣದ ದೋಣಿ ಮಗಚಿದ್ದು ಯಾರಲೇ? ನೀನು! ಹೆಣ್ಣಿನ ಕಡಿಯವರ ಮುಂದ ಜೋರು ತೋರಸಾಕ ಹೋಗಿ ಮಗಚಿದಿ. ಅಣ್ಣ ಹುಟ್ಟು ತಪ್ಪಿಸಿದ ಅಂತ ನಿಮ್ಮಪ್ಪಗ ಹೇಳಿ ನನಗ ಬಾರಕೋಲಿಲೆ ಹೊಡಸಿದಿ! ಹದಿನೆಂಟು ವರ್ಷ ನಾ ಬಾಯಿ ಬಿಟ್ಟೇನೇನು?"

"ಅಯ್ಯ!" ಎಂದಳು ನಾಗಿ. ಆ ದಿನ ಅವಳ ಅಜ್ಜಿ ಹೊಳೆಗೆ ಬಿದ್ದು ಅರ್ಧ ಸತ್ತು ಎದ್ದಿದ್ದಳು.

ಗನಿ ಸಾಬರಿಗೆ ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದು ನಕ್ಕರು. ಛತ್ರಿ ಕೈಯಿಂದ ಜಾರಿ ಕೆಸರಿಗೆ ಬಿತ್ತು. ಅದು ಕಣ್ಣಿಗೆ ಬಿದ್ದು ಹುಚ್ಚ ಅವರ ಕಡೆ ನೋಡಿದ. ಅವರ ಬೆರಳು ತೋರಿಸಿದ ಕಡೆ ತಿರುಗಿದ. ಬೆನ್ನ ಹಿಂದೆಯೇ ದ್ಯಾಮಪ್ಪನ ಮುಖ ಕಂಡು ಬೆಚ್ಚಿ ಕೈಯ ಬೀಡಿ ಬಿಟ್ಟ.

"ಯಾವಾಗ ಬಂದಿ? ಏನಂದಿ?"

ದ್ಯಾಮಪ್ಪ ಏಣಿ ಇಳಿದ. ಉತ್ತರ ಕೊಟ್ಟವಳು ನಾಗಿ. ಮಂಚಿಗೆಯ ಕೆಳಗೆ ಬಂದು ನಿಂತು, ಸೆರಗನ್ನು ಸರಿಮಾಡಿಕೊಳ್ಳದೆ, ಕೈಸನ್ನೆಯಿಂದ ಗಂಡನನ್ನು ಕೆಳಗೆ ಕರೆದಳು. ಅವನು ಇಳಿದು ಬಂದ ಮೇಲೆ ಹೇಳಿದಳು.

"ಕಾಲು ತಾಸು ಬೈದ್ರು ಭಾವ. ಇಡೀ ಹೊಳಿಗೇ ಕೇಳ್ತು. ನಿಮಗ ಕೇಳಲಿಲ್ಲ. ಕಿವುಡರು ಯಾರು ಅಂತ ಈಗ ಸಂತಿಗೆ ಹೋಗಿ ಹೇಳ್ರಿ."

ಹುಚ್ಚ ಸಾಬರನ್ನು ನೋಡಿದ, ಹೆಂಡತಿಯನ್ನು ನೋಡಿದ. "ಮಳಿ ಜೋರಿತ್ತು," ಎಂದ.

"ಅದಽ ಅಂದೆ ನಾನೂ," ಎಂದ ದ್ಯಾಮಪ್ಪ.

ಮಳೆ ಹೊಳವಾದ ಮೇಲೆ ಹುಚ್ಚ ತಾನೇ ಹತ್ತಿ ತಗಡು ಕೀಳತೊಡಗಿದ. ಯಾರೂ ಅವನಿಗೆ ಹೇಳಲಿಲ್ಲ. ಒಂದೊಂದನ್ನೇ ಕೆಳಗೆ ಎಸೆಯುತ್ತಿದ್ದ; ಪ್ರತಿಯೊಂದು ಬಿದ್ದಾಗಲೂ ಸಾಬರ ಎತ್ತುಗಳು ಕಿವಿ ನಿಮಿರಿಸಿದವು. "ವಾಪಸ್ ನನ್ನ ಗಾಡಿಗೆ ಹಾಕಬ್ಯಾಡ್ರಪಾ," ಎಂದರು ಸಾಬರು, "ನನ್ನ ಹೆಂಡ್ತಿ ಜುಬೇದಾ ಬೈಯೂದು ಕೇಳದಂಗ ಆದೀತು ಅಂತ ಆಸೆ ಹತ್ತೈತಿ, ಮನಿಗೇ ಹೊದಸಿಬಿಟ್ಟೇನು." ಯಾರೂ ನಗಲಿಲ್ಲ. ಅವರು ಮೀನಿನ ಬುಟ್ಟಿ ಏರಿಸಿಕೊಂಡು ಹೊರಟುಹೋದರು.

ದ್ಯಾಮಪ್ಪ ಮನೆಗೆ ಹೋಗಿ ಆರು ಹೊರೆ ಕರಡ ಹೊತ್ತು ತಂದ. ಹುಚ್ಚನ ಪಾಳಿಯ ದಿನ, ಹುಚ್ಚನ ಕೆಲಸ; ಎಂಟನೆಯ ಆಳಿನ ಲೆಕ್ಕಕ್ಕೆ ಸೇರುವಂಥದ್ದು. ಮಾಡಿನ ಕೆಳಸಾಲಿನಿಂದ ಹಿಡಿದು ಹಿಡಿಹಿಡಿಯಾಗಿ ಹುಲ್ಲು ಹಾಸಿ, ಬಿದಿರ ಸೀಳಿನಿಂದ ಒತ್ತಿ ಕಟ್ಟುತ್ತ ಹೋದ. ಹುಚ್ಚ ಕೆಳಗಿನಿಂದ ಹಿಡಿ ಎಸೆಯುತ್ತಿದ್ದ. ಮೇಲಿನವನು ಹಿಡಿಯುತ್ತಿದ್ದ. ಎರಡು ಸಾಲಾಯಿತು, ಮೂರಾಯಿತು. ನೆತ್ತಿಯ ಸಾಲು ಒಂದೇ ಉಳಿದಾಗ ನಾಗಿ ಅಂಬಲಿಯ ಗಡಿಗೆ ತಂದಳು.

"ಇಷ್ಟು ಸಾಕು ಭಾವ," ಎಂದಳು. "ಇಳೀರಿ. ಉಳದದ್ದು ಇರಲಿ."

ದ್ಯಾಮಪ್ಪ ಇನ್ನೊಂದು ಹಿಡಿಗೆ ಕೈ ಚಾಚಿದ.

ಕೇರಿಯಲ್ಲಿ ಮುಯ್ಯಾಳು ಪೂರಾ ತೀರಿಸುವವರಿಲ್ಲ. ಹತ್ತಿದ್ದರೆ ಒಂಬತ್ತು, ಎಂಟಿದ್ದರೆ ಏಳು ಕೊಟ್ಟು ಒಂದನ್ನು ಹಾಗೇ ಬಿಡುತ್ತಾರೆ. ಅರ್ಧ ದಿನವಾದರೂ ಬಿಡುತ್ತಾರೆ. ಆ ಬಾಕಿಯ ನೆಪದಲ್ಲಿ ಮುಂದಿನ ವರ್ಷ ಒಬ್ಬರ ಅಂಗಳಕ್ಕೆ ಇನ್ನೊಬ್ಬರು ಬರುತ್ತಾರೆ. ಕೊನೆಯ ಆಳನ್ನೂ ಕೊಟ್ಟವರು ಎರಡನೆಯ ಸಲ ಆ ಮನೆಗೆ ಕರೆಯಲು ಹೋಗುವುದಿಲ್ಲ.

"ಹೊತ್ತು ಮುಳಗಾಕ ಬಂತು ಭಾವ. ನೆತ್ತಿ ಸಾಲು ನಾಳಿ ಇವ್ರು ಕಟಗೋತಾರ. ನಮ್ಮ ಬಾಕಿ ನಮಗ ಇರಲಿ."

ಹುಚ್ಚನ ಕೈಯಲ್ಲಿ ಹುಲ್ಲಿನ ಹಿಡಿ ಇತ್ತು. ಅದನ್ನು ಎಸೆಯದೆ ನಿಂತಿದ್ದ.

"ಎಸಿ," ಎಂದ ದ್ಯಾಮಪ್ಪ.

ಹುಚ್ಚ ಎಸೆಯಲಿಲ್ಲ. "ಅಣ್ಣಾ, ಸಂತ್ಯಾಗ ನಾ ಅಂದದ್ದು..." ಎಂದು ಶುರುಮಾಡಿದವನು ಅಲ್ಲಿಗೇ ನಿಂತ. ದ್ಯಾಮಪ್ಪ ಮುಂದಿನ ಮಾತಿಗೆ ಕಾದ. ಮೇಲೆ ಕೂತು, ಕಾಲಿನಿಂದ ಅಡ್ಡ ಗಳವನ್ನು ಒತ್ತಿ ಹಿಡಿದು, ಒಂದು ಬೀಡಿ ಸೇದಿ ಮುಗಿಸುವಷ್ಟು ಹೊತ್ತು ಕಾದ. ಹುಚ್ಚ ಹುಲ್ಲಿನ ಎಸಳು ಕೀಳುತ್ತ ನೆಲ ನೋಡುತ್ತಿದ್ದ.

"ತಗಡು ತಂದದ್ದು ನಿನ್ನ ಸಲುವಾಗೂ ಹೌದಲ್ಲ," ಎಂದ ಕೊನೆಗೆ. "ನೀನೂ ನೆನೀತಿದ್ದಿ."

ದ್ಯಾಮಪ್ಪ ಕೆಳಗಿಳಿದ. ಹುಚ್ಚನ ಕೈಯಿಂದ ಹಿಡಿಯನ್ನು ಕಸಿದುಕೊಂಡ, ನೆಲದಲ್ಲಿ ಉಳಿದಿದ್ದ ಹುಲ್ಲನ್ನೆಲ್ಲ ಬಾಚಿ ಬಗಲಿಗೆ ಸಿಕ್ಕಿಸಿಕೊಂಡು ಮತ್ತೆ ಹತ್ತಿದ. ನೆತ್ತಿಯ ಸಾಲನ್ನು ಒಬ್ಬನೇ ಕಟ್ಟಿದ. ಕಟ್ಟುವುದು ಮುಗಿದ ಮೇಲೂ ಎರಡು ಕಡೆ ಗಂಟು ಬಿಚ್ಚಿ ಇನ್ನೂ ಬಿಗಿಯಾಗಿ ಕಟ್ಟಿದ.

ಇಳಿದು ಬಂದಾಗ ನಾಗಿ ಅಂಬಲಿಯ ಬಟ್ಟಲು ಚಾಚಿದಳು. ಅವನು ಹೊಳೆಗೆ ಹೋಗಿ ಕೈ ತೊಳೆದು ಬಂದ, ಬಟ್ಟಲು ಮುಟ್ಟಲಿಲ್ಲ.

"ಎಂಟಾತು," ಎಂದ ಹುಚ್ಚನಿಗೆ. "ನಾಳಿ ಪಾಳಿ ನಂದು. ಹಗ್ಗ ನನ್ನ ಕೈಯಾಗ ಇರ್ತೈತಿ. ಇನ್ನ ಮ್ಯಾಲೆ ನಿನಗ ಆಳು ಬೇಕಾದ್ರ ಕೂಲಿ ಕೊಟ್ಟು ಕರಿ."

ಕೊಪ್ಪೆ ಹೆಗಲಿಗೆ ಹಾಕಿಕೊಂಡು ದಂಡೆಯ ದಾರಿ ಹಿಡಿದ. ನಾಗಿ ಹಿಂದಿನಿಂದ ಭಾವಾ ಎಂದು ಕರೆದಳು. ಅವನಿಗೆ ಅದು ಸ್ಪಷ್ಟವಾಗಿ ಕೇಳಿಸಿತು. ತಿರುಗಲಿಲ್ಲ.